ಯಂತ್ರದ ಶಿಫಾರಸು, ಮೂರು ಪ್ರತಿಗಳಲ್ಲಿ

ನಮ್ಮ ವಿಶ್ವವಿದ್ಯಾಲಯದ ಅಧ್ಯಾಪಕರು ಹೊಸ ತಂತ್ರಜ್ಞಾನಕ್ಕೆ ಮೂಗು ಮುರಿಯುತ್ತಾರೆಂಬುದು ಶುದ್ಧ ಅಪಪ್ರಚಾರ. ಯಾರು ಮುಂದೆ ಯಾವ ಪಾಠ ನೋಡಬೇಕೆಂದು ತಾನೇ ಸೂಚಿಸುವ ಇ-ಕಲಿಕಾ ತಂತ್ರಾಂಶದ ಬಗ್ಗೆ ಅಭಿಪ್ರಾಯ ಕೇಳಿದಾಗ ಎಲ್ಲ ವಿಭಾಗಗಳೂ ‘ಅತ್ಯಂತ ಉಪಯುಕ್ತ’ ಎಂಬ ಚೌಕಕ್ಕೇ ಗುರುತು ಹಾಕಿದ್ದವು. ತಂತ್ರಾಂಶ ಬಂದದ್ದು ಅದಾದ ಮೂರು ವಾರಕ್ಕೆ. ಉಪಯುಕ್ತವೂ ಸುಲಭವೂ ಎನಿಸಿದ ತಂತ್ರಜ್ಞಾನವನ್ನು ಜನ ಒಪ್ಪುತ್ತಾರೆಂದು ಸಂಶೋಧಕ ಫ್ರೆಡ್ ಡೇವಿಸ್ 1989ರಲ್ಲಿಯೇ ಬರೆದಿದ್ದರು. ವಿದ್ಯಾಸಂಸ್ಥೆಗಳ ಗುಣಮಟ್ಟ ಅಳೆಯುವ ನ್ಯಾಕ್ ಸಮಿತಿ ಬರುವ ಮುನ್ನ ಎಲ್ಲವೂ ಉಪಯುಕ್ತ, ಬೇರೆಯವರು ಮಾಡಿಕೊಟ್ಟರೆ ಎಲ್ಲವೂ ಸುಲಭ ಎಂಬ ಷರಾವನ್ನಷ್ಟೇ ನಾವು ಸೇರಿಸಿದ್ದೇವೆ.

ಆತಂಕ ಇರಲಿಲ್ಲವೆಂದಲ್ಲ. ಒಂದು ಸೆಮಿಸ್ಟರಿನ ಶೇ 40ರಷ್ಟು ಕೋರ್ಸುಗಳನ್ನು ಕೇಂದ್ರ ಸರ್ಕಾರದ ಆನ್‌ಲೈನ್ ಪಾಠಗಳ ತಾಣ ‘ಸ್ವಯಂ’ ಮೂಲಕ ಓದಬಹುದೆಂದು ಯುಜಿಸಿ 2021ರಲ್ಲಿ ಹೇಳಿದಾಗಿನಿಂದ ಕಾರ್ಯಭಾರ, ಅಂದರೆ ಪಾಲಿಗೆ ಬರುವ ಪಾಠದ ಗಂಟೆಗಳ ಲೆಕ್ಕ, ಎಂಬ ಪದ ಕೇಳಿದರೆ ಅತಿಥಿ ಉಪನ್ಯಾಸಕರ ಎದೆ ಝಲ್ಲೆನ್ನುತ್ತದೆ. (ಅವರ ಭಯ ನಿಜವಾದದ್ದು, ಅವರನ್ನು ಯಾವ ಚೌಕಕ್ಕೂ ಗುರುತು ಹಾಕಲು ಕರೆದಿರಲಿಲ್ಲ.) ಹಿರಿಯ ಪ್ರಾಧ್ಯಾಪಕರ ಆಕ್ಷೇಪಣೆ ಬೇರೆ: ತಮ್ಮ ಇಪ್ಪತ್ತು ವರ್ಷದ ನೋಟ್ಸನ್ನು ಯಂತ್ರ ಒಮ್ಮೆಯೂ ಶಿಫಾರಸು ಮಾಡಲಿಲ್ಲ, ಮಾಡಿದ ಶಿಫಾರಸಾದರೂ ವಿಭಾಗದ ಮುಖ್ಯಸ್ಥರ ಮೂಲಕ ಕ್ರಮಬದ್ಧವಾಗಿ ಬರಲಿಲ್ಲ.

ನಿಜವಾದ ಸಂಕಟ ಆರಂಭವಾದದ್ದು ಬಳಕೆಯ ವರದಿ ಕೇಳಿದ ಮೇಲೆ. ಪ್ರಾಧ್ಯಾಪಕರೆಲ್ಲರೂ ತಮ್ಮ ಪಾಸ್‌ವರ್ಡುಗಳನ್ನು ಒಂದೇ ಹಾಳೆಯಲ್ಲಿ ಬರೆದು ಕಚೇರಿಯ ಡೇಟಾ ಎಂಟ್ರಿ ಆಪರೇಟರಿಗೆ ಒಪ್ಪಿಸಿದರು. ಆಕೆ ಆ ಹಾಳೆಯನ್ನು ಕೀಲಿಮಣೆಯ ಕೆಳಗಿಟ್ಟುಕೊಂಡು, ದಿನಕ್ಕೆ ನಾಲ್ವರಂತೆ ಲಾಗಿನ್ ಆಗಿ, ಎಲ್ಲರ ಪರವಾಗಿಯೂ ಕಲಿತರು. ಎಫ್‌ಡಿಎ ಪರೀಕ್ಷೆಗೆ ಓದುತ್ತಿದ್ದವರಾದ್ದರಿಂದ ತಮಗೆ ಬೇಕಾದ ಪಾಠಗಳನ್ನೇ ತೆರೆದರು. ಒಂದೇ ಬಗೆಯ ಆಸಕ್ತಿಯುಳ್ಳವರನ್ನು ಗುಂಪುಗೂಡಿಸಿ, ಒಬ್ಬರು ನೋಡಿದ್ದನ್ನು ಇನ್ನೊಬ್ಬರಿಗೆ ಸೂಚಿಸುವುದು ಇಂಥ ಯಂತ್ರದ ಕಸುಬು. ಸಂಸ್ಕೃತ, ಪ್ರಾಣಿಶಾಸ್ತ್ರ, ವಾಣಿಜ್ಯ ವಿಭಾಗಗಳ ನಡುವೆ ಇಷ್ಟೊಂದು ಅಭಿರುಚಿಸಾಮ್ಯ ಕಂಡು ಅದು ಪುಳಕಗೊಂಡಿರಬೇಕು. ಡೀನರಿಗೂ ಸೇರಿದಂತೆ ಮೂವತ್ತೊಂದು ಪ್ರಾಧ್ಯಾಪಕರಿಗೆ ಅದು ‘ಕಚೇರಿ ಟಿಪ್ಪಣಿ ಬರೆಯುವ ಕ್ರಮ’ ಎಂಬ ಪಾಠವನ್ನು ಒಂದೇ ದಿನ ಶಿಫಾರಸು ಮಾಡಿತು.

ಡೀನರು ಅದನ್ನು ಮೂರು ಪ್ರತಿ ಮುದ್ರಿಸಿ ಕಡತಕ್ಕೆ ಸೇರಿಸಿದರು. ‘ಎಲ್ಲ ಅಧ್ಯಾಪಕರೂ ವೈಯಕ್ತಿಕ ಶಿಫಾರಸಿನ ಪ್ರಯೋಜನ ಪಡೆದಿರುತ್ತಾರೆ’ ಎಂಬ ಅನುಪಾಲನಾ ವರದಿಯನ್ನು ಟೈಪು ಮಾಡಿದ್ದೂ ಆ ಆಪರೇಟರೇ. ಟಿಪ್ಪಣಿ ಬಹಳ ಕ್ರಮಬದ್ಧವಾಗಿತ್ತೆಂದು ಕುಲಸಚಿವರು ಮೆಚ್ಚಿಕೊಂಡರಂತೆ.