ಪುಟ್ಟಿ ಹೇಳಿದ ಸುಳ್ಳು

ಮೊನ್ನೆ ಆಫೀಸಿನ ಹಳೇ ಸರ್ವರ್ ಒಂದರಲ್ಲಿ ಕಾನ್ಫಿಗ್ ಫೈಲ್ ತೆರೆದು ಒಂದು ಸಾಲು ಬದಲಾಯಿಸಿದೆ. ಹತ್ತು ನಿಮಿಷಕ್ಕೆ ಫೋನ್ ಬಂತು. ಆ ಸಾಲಿನ ನೆತ್ತಿಯ ಮೇಲೇ ಯಾರೋ ಪುಣ್ಯಾತ್ಮರು ‘ಇದನ್ನು ಮುಟ್ಟಬೇಡಿ’ ಎಂದು ಕಾಮೆಂಟ್ ಬರೆದಿಟ್ಟಿದ್ದರಂತೆ. ನನಗೆ ಕಾಣಲಿಲ್ಲ. ಕಾಣುವುದಾದರೂ ಹೇಗೆ? ಕಪ್ಪು ಪರದೆ, ಅದರ ಮೇಲೆ ಕಡುನೀಲಿ ಅಕ್ಷರ. ಅಮಾವಾಸ್ಯೆ ರಾತ್ರಿ ಎಮ್ಮೆ ಹುಡುಕಿದ ಹಾಗೆ.

“ಸರ್, ಒಳ್ಳೆ ಥೀಮ್ ಹಾಕ್ಕೊಳ್ಳಿ” ಎಂದ ಪಕ್ಕದ ಸೀಟಿನ ಹುಡುಗ. ಅವನ ಪ್ರಾಂಪ್ಟಿನಲ್ಲೇ, ಅಂದರೆ ಕಮ್ಯಾಂಡ್ ಸಾಲಿನ ಶುರುವಿನಲ್ಲೇ, ಐದು ಬಣ್ಣ, ಎರಡು ಬಾಣ, ಒಂದು ರಾಕೆಟ್. ಕಮ್ಯಾಂಡ್ ಹೊಡೆಯುವ ಮೊದಲೇ ಅರ್ಧ ಸಾಲು ಖರ್ಚಾಗಿರುತ್ತದೆ. ನನಗೆ ಸಾಲರೈಸ್ಡ್ ಹಾಕಿಕೊಟ್ಟ. 2011ರಲ್ಲಿ ಈಥನ್ ಸ್ಕೂನೋವರ್ ಎಂಬುವರು ಅಳೆದೂ ಸುರಿದೂ ಆರಿಸಿದ ಹದಿನಾರು ಬಣ್ಣಗಳು. ಚೆಂದವೇ, ಇಲ್ಲ ಅನ್ನುವುದಿಲ್ಲ. ಆದರೆ ‘ದಪ್ಪ ಅಕ್ಷರ’ ಎಂದು ಹೇಳಿದರೆ ಹಳೇ ಟರ್ಮಿನಲ್ಲುಗಳು, ಅಂದರೆ ಈ ಕಮ್ಯಾಂಡ್ ಹೊಡೆಯುವ ಪರದೆಗಳು, ‘ತಿಳಿ ಬಣ್ಣ’ ಎಂದು ಕೇಳಿಸಿಕೊಳ್ಳುತ್ತವೆ. ಆ ತಿಳಿ ಬಣ್ಣಗಳ ಜಾಗದಲ್ಲಿ ಆ ಮಹಾರಾಯರು ಬೂದುಗಳನ್ನು ತುಂಬಿದ್ದಾರೆ. ದಪ್ಪ ನೀಲಿಯಲ್ಲಿ ಬರಬೇಕಾದ ಡೈರೆಕ್ಟರಿಗಳೆಲ್ಲ, ಅಂದರೆ ಫೋಲ್ಡರುಗಳೆಲ್ಲ, ಸಾದಾ ಫೈಲುಗಳ ಜೊತೆ ಒಂದೇ ಬೂದಿಯಲ್ಲಿ ಹೊರಳಾಡತೊಡಗಿದವು. ತೆಗೆಸಿದೆ.

ಆ ಕಡುನೀಲಿಯ ತಪ್ಪು ಪುಟ್ಟಿಯದು. ಪುಟ್ಟಿ ಅಂದರೆ ಗೋಡೆಗೆ ಹಚ್ಚುವುದಲ್ಲ, ನಮ್ಮ ಚಿಕ್ಕಪ್ಪನ ಮಗಳೂ ಅಲ್ಲ. ವಿಂಡೋಸ್‌ನಿಂದ ಸರ್ವರಿಗೆ ಹೋಗುವ ಕಿಟಕಿ. ಅದು ಒಳಗೆ ಕಾಲಿಡುವಾಗ “ನಾನು ಎಕ್ಸ್‌ಟರ್ಮ್” ಎಂದು ಬೇರೊಂದು ಟರ್ಮಿನಲ್ಲಿನ ಹೆಸರಿನಲ್ಲಿ ಸುಳ್ಳು ಹೇಳುತ್ತದೆ. ಎಕ್ಸ್‌ಟರ್ಮ್ ಅಂದರೆ ಬಿಳೀ ಪರದೆ ಎಂದು ವಿಮ್, ಅಂದರೆ ನಾನು ಫೈಲ್ ತಿದ್ದುವ ಎಡಿಟರ್, ನಂಬಿದೆ. ಬಿಳಿಯ ಮೇಲೆ ಕಡುನೀಲಿ ಚೆನ್ನಾಗಿರುತ್ತದಲ್ಲವೇ, ಕೊಟ್ಟುಬಿಡುತ್ತದೆ. ‘ಪುಟ್ಟಿ’ ಎಂದು ನಿಜವಾದ ಹೆಸರು ಹೇಳಿದ್ದರೆ ಕಪ್ಪು ಪರದೆ ಎಂದು ಅದಕ್ಕೇ ತಿಳಿಯುತ್ತಿತ್ತು. ಬ್ಯಾಕ್‌ಗ್ರೌಂಡ್ ಡಾರ್ಕ್ ಎಂದು ವಿಮ್ ಸೆಟ್ಟಿಂಗಿನಲ್ಲಿ ಒಂದು ಸಾಲು ಬರೆದರೆ ಸರಿಹೋಗುತ್ತದೆ, ಗೊತ್ತು. ಆದರೆ ನನ್ನ ಪರದೆ ಕಪ್ಪು ಎಂದು ಒಂದೊಂದು ಸರ್ವರಿಗೂ ಹೋಗಿ ನಾನೇ ಅರ್ಜಿ ಕೊಡಬೇಕೇ?

ನೋಡದೇ ಬಣ್ಣ ಹಚ್ಚುವವರನ್ನು ಕಂಡರೆ ನನಗೆ ತಿಪಟೂರಿನ ದೊಡ್ಡಪ್ಪ ನೆನಪಾಗುತ್ತಾರೆ. ದೇಶಕ್ಕೆ ಕಲರ್ ಟೀವಿ ಬಂದಿದ್ದು 1982ರಲ್ಲಿ, ಏಷ್ಯಾಡ್ ವರ್ಷ. ದೊಡ್ಡಪ್ಪನ ಮನೆಗೆ ಅದಾಗಿ ಐದಾರು ವರ್ಷಕ್ಕೆ ಬಂದಿದ್ದು ಬ್ಲ್ಯಾಕ್ ಅಂಡ್ ವೈಟ್, ಮರದ ಪೆಟ್ಟಿಗೆಯದು, ಎಳೆದು ಮುಚ್ಚುವ ಬಾಗಿಲಿನದು. ಒಂದು ಸಂಜೆ ಅವರು ಸಂತೆಯಿಂದ ಸುರುಳಿ ಸುತ್ತಿದ ಪ್ಲಾಸ್ಟಿಕ್ ಹಾಳೆ ತಂದರು. ಮೇಲೆ ನೀಲಿ, ನಡುವೆ ಕಿತ್ತಳೆ, ಕೆಳಗೆ ಹಸಿರು. ಪರದೆಗೆ ಅಂಟಿಸಿ, ನಾಲ್ಕು ಮೂಲೆಗೆ ಟೇಪ್ ಹಾಕಿ, ಹಿಂದೆ ಸರಿದು ನಿಂತು “ಕಲರ್!” ಎಂದರು.

ಕಲರ್ ಹೌದು. ವಾರ್ತೆ ಓದುವವರ ಹಣೆ ನೀಲಿ, ಮೂಗು ಕಿತ್ತಳೆ, ಸೀರೆ ಹಸಿರು. “ಪಾಪ, ಆಯಮ್ಮಂಗೆ ಇರೋದು ಅದೊಂದೇ ಹಸಿರು ಸೀರೆಯೇನ್ರೀ?” ಎಂದು ದೊಡ್ಡಮ್ಮ ದಿನಾ ಬೇಕಂತಲೇ ಕೇಳುತ್ತಿದ್ದರು. ದೊಡ್ಡಪ್ಪ ಕೇಳಿಸದವರಂತೆ ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಅವರ ಆಸೆಯೆಲ್ಲ ಕ್ರಿಕೆಟ್ ಮೇಲೆ. ಯಾರಾದರೂ ಎತ್ತಿ ಹೊಡೆದು, ಚೆಂಡು ಮೇಲೇರಿ, ಕ್ಯಾಮೆರಾ ದೂರದಿಂದ ಮೈದಾನ ತೋರಿಸಿದರೆ ಆ ಒಂದು ಗಳಿಗೆ ಎಲ್ಲವೂ ತಾಳೆಯಾಗುತ್ತಿತ್ತು. ಮೇಲೆ ಆಕಾಶ, ಕೆಳಗೆ ಹುಲ್ಲು. “ನೋಡ್ರೋ! ನೋಡ್ರೋ!” ಎಂದು ಅವರು ಕೂಗುವಷ್ಟರಲ್ಲಿ ಬೋಲರ್‌ನ ಮುಖ ಹತ್ತಿರಕ್ಕೆ ಬಂದು ಕೃಷ್ಣನ ವೇಷವಾಗುತ್ತಿತ್ತು. ಗವಾಸ್ಕರ್ ಟುಕುಟುಕು ಆಡಿದ ದಿನ ದೊಡ್ಡಪ್ಪನಿಗೆ ಕೆಟ್ಟ ಕೋಪ. ರನ್ನಿಗಾಗಿ ಅಲ್ಲ.

ಹಾಳೆಯ ಹಿಂದೆ ಧೂಳು ಕೂತಿತು, ಅಂಚು ಸುಕ್ಕಾಯಿತು. ತೆಗೆಯಲಿಲ್ಲ. ಎದುರು ಮನೆಗೆ ನಿಜವಾದ ಕಲರ್ ಟೀವಿ ಬಂದಾಗ ನೋಡಿಕೊಂಡು ಬಂದು ಚಪ್ಪಲಿ ಬಿಡುತ್ತಾ ಹೇಳಿದರು: “ಪರವಾಗಿಲ್ಲ. ಆದ್ರೆ ಆಕಾಶ ನಮ್ಮನೇಲಿ ಬರೋಷ್ಟು ನೀಲಿ ಬರಲ್ಲ.”

ಇರಲಿ, ಪುಟ್ಟಿಗೆ ಬರೋಣ. ಬಣ್ಣದ ಸಹವಾಸವೇ ಬೇಡ ಎಂದು ನಿರ್ಧರಿಸಿ, ಟರ್ಮಿನಲ್ ಹೆಸರಿನ ಜಾಗದಲ್ಲಿ ‘ವಿಟಿ100’ ಎಂದು ಬರೆದೆ. ಡೆಕ್ ಕಂಪನಿ 1978ರಲ್ಲಿ ತಂದ ಯಂತ್ರ ಅದು. ಅಡ್ಡಕ್ಕೆ 80 ಅಕ್ಷರ, ಉದ್ದಕ್ಕೆ 24 ಸಾಲು, ಬಣ್ಣದ ಗಂಧಗಾಳಿ ಇಲ್ಲ. ನಿನ್ನಲ್ಲಿ ಎಷ್ಟು ಬಣ್ಣ ಎಂದು ಟಿಪುಟ್ ಕಮ್ಯಾಂಡಿನಲ್ಲಿ ಕೇಳಿದೆ. ಮೈನಸ್ ಒಂದು ಎಂದಿತು. ಸೊನ್ನೆಯೂ ಅಲ್ಲ! ವಿಮ್ ತೆಪ್ಪಗೆ ಕಪ್ಪುಬಿಳುಪಾಯಿತು. ಕಾಮೆಂಟ್ ಕಂಡಿತು. ಖುಷಿಯಲ್ಲಿ, ಫೈಲುಗಳ ಪಟ್ಟಿ ತೋರಿಸುವ ಎಲ್‌ಎಸ್ ಹೊಡೆದೆ. ಡೈರೆಕ್ಟರಿಗಳು ನೀಲಿ!

ಅರ್ಧ ದಿನ ಹುಡುಕಿದೆ. ಯಾವ ಯಾವ ಟರ್ಮಿನಲ್ಲಿಗೆ ಬಣ್ಣ ಕೊಡಬಹುದು ಎಂದು ಎಲ್‌ಎಸ್‌ನ ಕಡೆಯವರದೊಂದು ಪಟ್ಟಿ ಇದೆ. ಅದರಲ್ಲಿ ವಿಟಿ100 ಕೂಡ ಇದೆ. ಹುಟ್ಟಿದಾಗಿನಿಂದ ಒಂದು ಬಣ್ಣ ಕಾಣದ ಯಂತ್ರಕ್ಕೆ ಯಾರು ಕೊಟ್ಟರೋ ಈ ರೇಷನ್ ಕಾರ್ಡು.

ಕೊನೆಗೆ ಪುಟ್ಟಿಯ ಕಲರ್ಸ್ ಪುಟದಲ್ಲಿ ಒಂದು ಚೌಕ ಸಿಕ್ಕಿತು. ಅದರ ಟಿಕ್ ತೆಗೆದರೆ ಸರ್ವರ್ ಏನೇ ಬಣ್ಣ ಕಳಿಸಲಿ, ಇವಳು ಕಿವಿಗೆ ಹಾಕಿಕೊಳ್ಳುವುದಿಲ್ಲ. ತೆಗೆದೆ. ಅಕ್ಷರಕ್ಕೆಲ್ಲ ಕಾಸಿದ ಬೆಲ್ಲದ ಬಣ್ಣ ಕೊಟ್ಟೆ, ಕಾಲೇಜಿನ ಲ್ಯಾಬಿನಲ್ಲಿ ಕಿಟಕಿ ಪಕ್ಕದ ಮಾನಿಟರ್ ಹಾಗೇ ಇತ್ತು.

“ಸರ್, ಇದ್ಯಾವ ಥೀಮ್? ಸೂಪರ್” ಎಂದ ಹುಡುಗ. ಈಗ ಎರರ್‌ಗಳೂ ಬೆಲ್ಲದ ಬಣ್ಣದಲ್ಲೇ ಬರುತ್ತವೆ. ನಿನ್ನೆ ಅಂಥವೆರಡು ನನ್ನ ಕಣ್ಣು ತಪ್ಪಿಸಿಕೊಂಡು ಹೋದವು. ಅವನಿಗೆ ಹೇಳಿಲ್ಲ.