ಕ್ಯಾಲಿಫೋರ್ನಿಯಾದ ಕಂತಿನ ಲೆಕ್ಕ

ಸಂಬಳದ ಜೊತೆ ಸ್ವಂತ ಕೆಲಸದಿಂದಲೂ ನಾಲ್ಕು ಕಾಸು ಬಂತು ಅಂದರೆ, ಅಮೆರಿಕದಲ್ಲಿ ತೆರಿಗೆಯನ್ನು ಮುಂಚಿತವಾಗಿ ಕಂತಿನಲ್ಲಿ ಕಟ್ಟಬೇಕು. ಸರಿ, ಕಟ್ಟೋಣ. ಕೇಂದ್ರದ್ದು ಸುಲಭ: ಏಪ್ರಿಲ್, ಜೂನ್, ಸೆಪ್ಟೆಂಬರ್, ಜನವರಿ, ತಲಾ 25%. ಕ್ಯಾಲಿಫೋರ್ನಿಯಾಕ್ಕೆ ಮಾತ್ರ ಇದು ರುಚಿಸಲಿಲ್ಲ. ಏಪ್ರಿಲ್‌ನಲ್ಲಿ 30%, ಜೂನ್‌ನಲ್ಲಿ 40%, ಸೆಪ್ಟೆಂಬರ್‌ನಲ್ಲಿ ಸೊನ್ನೆ, ಜನವರಿಯಲ್ಲಿ ಮತ್ತೆ 30%! ಅರ್ಧ ವರ್ಷ ಮುಗಿಯುವ ಮೊದಲೇ 70% ಕಕ್ಕಬೇಕು. ಸುಮ್ನೆ ನಾಲ್ಕು ಸಮ ಭಾಗ ಮಾಡಿ ಕಟ್ಟಿದವರಿಗೆ ಜೂನ್‌ನಲ್ಲಿ ಕಡಿಮೆಯಾಯಿತು ಅಂತ ದಂಡ. ಆದಾಯ ಬಂದ ಹಾಗೆ ಲೆಕ್ಕ ಹಾಕುವ ದಾರಿಯೂ ಇದೆ. ಆದರೆ ಆ ಫಾರಂ ತುಂಬುವುದಕ್ಕಿಂತ ದಂಡ ಕಟ್ಟುವುದೇ ವಾಸಿ ಅನ್ನಿಸುತ್ತದೆ.

ಕ್ಯಾಲಿಫೋರ್ನಿಯಾದ ತೆರಿಗೆ ರಿಟರ್ನ್ ಸಲ್ಲಿಸುವ ವಿಷಯ ಇನ್ನೂ ತಮಾಷೆ. ಏಪ್ರಿಲ್ 15ಕ್ಕೆ ಆಗಲಿಲ್ವಾ? ಅರ್ಜಿಯನ್ನೂ ಕೇಳದೆ ಅಕ್ಟೋಬರ್ 15ರವರೆಗೆ ಸಮಯ ಕೊಡುತ್ತಾರೆ. ಎಂಥಾ ದೊಡ್ಡ ಮನಸ್ಸು ಅಲ್ವಾ! ದುಡ್ಡು ಮಾತ್ರ ಏಪ್ರಿಲ್‌ನಲ್ಲೇ ಬೇಕು. ತಡವಾದರೆ ದಂಡ, ಮೇಲೆ ಬಡ್ಡಿ. ಲೆಕ್ಕವೇ ಮುಗಿಯದೆ ಎಷ್ಟು ಕಟ್ಟಬೇಕು ಅಂತ ಗೊತ್ತಾಗುವುದು ಹೇಗೆ ಸ್ವಾಮಿ? ಅಂದಾಜಿಗೆ ಒಂದಿಷ್ಟು ಜಾಸ್ತಿಯೇ ಕಟ್ಟಿ, ಆಮೇಲೆ ವಾಪಸ್ ಬರಲಿ ಅಂತ ಕಾಯಬೇಕು.

ಟೆಕ್ಸಾಸ್‌ನಲ್ಲಿ ರಾಜ್ಯದ ಆದಾಯ ತೆರಿಗೆಯೇ ಇಲ್ಲ. ಅಲ್ಲಿರುವ ಗೆಳೆಯರ ಹತ್ತಿರ ಈ ಮಾತು ಎತ್ತುವುದನ್ನೇ ಬಿಟ್ಟಿದ್ದೇನೆ.