ಮಾರಿದ ಮಾಲು, ಹಾರಿದ ಶಾಯಿ

ಹಾಸನದ ಬಿ.ಎಂ. ರಸ್ತೆಯಲ್ಲಿ ಭಾರತದ ಸಂವಿಧಾನದ ಜೊತೆಗೆ ಇನ್ನೊಂದು ಸಂವಿಧಾನವೂ ಜಾರಿಯಲ್ಲಿದೆ. ಗಲ್ಲಾಪೆಟ್ಟಿಗೆಯ ಹಿಂದೆ, ಲಕ್ಷ್ಮಿಯ ಫೋಟೋ ಕೆಳಗೆ ಅದನ್ನು ತೂಗುಹಾಕಿರುತ್ತಾರೆ. ನಾಲ್ಕೇ ವಿಧಿ. ಮಾರಿದ ಮಾಲನ್ನು ವಾಪಸು ಪಡೆಯುವುದಿಲ್ಲ. ಬಣ್ಣಕ್ಕೆ, ಜರಿಗೆ ಗ್ಯಾರಂಟಿ ಇಲ್ಲ. ವಾಹನಗಳಿಗೆ ಮಾಲೀಕರು ಜವಾಬ್ದಾರರಲ್ಲ. ಸಾಲ ಕೇಳಿ ಸ್ನೇಹ ಕೆಡಿಸಿಕೊಳ್ಳಬೇಡಿ. ಈ ನಾಲ್ಕರಲ್ಲಿ ನ್ಯಾಯಾಲಯದ ಮುಂದೆ ಅಲುಗಾಡದೆ ನಿಲ್ಲುವುದು ಕೊನೆಯದೊಂದೇ.

ಸಂಸತ್ತು 2019ರಲ್ಲಿ ಹೊಸ ಗ್ರಾಹಕ ಸಂರಕ್ಷಣಾ ಕಾಯ್ದೆ ಮಾಡಿತು. 2020ರ ಜುಲೈ 20ರಿಂದ ಅದು ಜಾರಿಗೂ ಬಂತು. ಬಿ.ಎಂ. ರಸ್ತೆಗೆ ಮಾತ್ರ ಸುದ್ದಿ ಇನ್ನೂ ಮುಟ್ಟಿಲ್ಲ. ಡಿಸೆಂಬರ್ 24 ಬಂದರೆ ರಾಷ್ಟ್ರೀಯ ಗ್ರಾಹಕರ ದಿನ. 1986ರಲ್ಲಿ ಹಳೆಯ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದ ದಿನ ಅದು. ನಾಡಗೀತೆ ಹಾಡಿ, ದೀಪ ಬೆಳಗಿ, ‘ಗ್ರಾಹಕನೇ ರಾಜ’ ಎಂದು ಭಾಷಣ ಮಾಡಿ ಅತಿಥಿಗಳಿಗೆ ಶಾಲು ಹೊದಿಸುತ್ತಾರೆ. ಆ ಶಾಲು ತಂದ ಅಂಗಡಿಯ ಚೀಟಿಯನ್ನು ಯಾರಾದರೂ ತಿರುಗಿಸಿ ನೋಡಲಿ, ತಳದಲ್ಲಿ ಒಂದನೇ ವಿಧಿ ಅಚ್ಚಾಗಿರುತ್ತದೆ. ರಾಜನ ಪಟ್ಟಾಭಿಷೇಕಕ್ಕೆ ತಂದ ಶಾಲೂ ವಾಪಸಿಲ್ಲ.

ಕಾಯ್ದೆಯ 2(47)ನೇ ಕಲಂ ಏನನ್ನುತ್ತದೆ ಅಂದರೆ, ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಬರೆದ ಅವಧಿಯೊಳಗೆ, ಅವಧಿ ಬರೆಯದಿದ್ದರೆ 30 ದಿನದೊಳಗೆ ವಾಪಸು ಪಡೆದು ಹಣ ಕೊಡಲು ಒಪ್ಪದಿರುವುದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ ಕೊಡದಿರುವುದೂ ಅದೇ ಪಟ್ಟಿಯಲ್ಲಿದೆ. ಆದರೆ ದೋಷ ಇರಬೇಕು, ಅದನ್ನು ಮರೆಯಬಾರದು. ಮಿಕ್ಸಿ ಸುಟ್ಟರೆ, ಕುಕ್ಕರ್ ಸೋರಿದರೆ, ಸೀರೆ ಮೊದಲ ಒಗೆತಕ್ಕೇ ಬಣ್ಣ ಬಿಟ್ಟರೆ ದೋಷ. ಮನೆಗೆ ತಂದ ಮೇಲೆ ಅತ್ತೆಗೆ ಅಂಚು ಹಿಡಿಸಲಿಲ್ಲ ಎಂಬುದಕ್ಕೆ ಯಾವ ಗ್ರಾಹಕ ಆಯೋಗದಲ್ಲೂ ಪರಿಹಾರವಿಲ್ಲ.

ಇದನ್ನೆಲ್ಲ ಸಾಧಿಸಲು ಬಿಲ್ ಬೇಕು. ಅದನ್ನು ಕೇಳುವುದೇ ಇಲ್ಲಿ ಅಪಶಕುನ. “ಬಿಲ್ ಬೇಕಾ ಸಾರ್? ಹಂಗಾದ್ರೆ ಜಿಎಸ್‌ಟಿ 18 ಪರ್ಸೆಂಟ್ ಮೇಲೆ ಬೀಳುತ್ತೆ. ನಿಮ್ಗೋಸ್ಕರ ಹೇಳ್ತಿದೀನಿ ಅಷ್ಟೇ.” ಎಂಥ ಕರುಣೆ! ಡಬ್ಬದ ಮೇಲಿನ ಎಂಆರ್‌ಪಿಯಲ್ಲಿ ಎಲ್ಲ ತೆರಿಗೆಯೂ ಸೇರಿದೆ ಎಂದು ಆ ಡಬ್ಬದ ಮೇಲೇ ಅಚ್ಚು ಹಾಕಿರುತ್ತಾರೆ. ರಿಯಾಯಿತಿ ದರಕ್ಕೆ ತೆರಿಗೆ ಕೂಡಿಸಿದರೂ ಒಟ್ಟು ಮೊತ್ತ ಎಂಆರ್‌ಪಿ ದಾಟುವಂತಿಲ್ಲ. ದಾಟಿದರೆ ತೂಕ-ಅಳತೆ ನೋಡಿಕೊಳ್ಳುವ ಕಾನೂನು ಮಾಪನಶಾಸ್ತ್ರ ಇಲಾಖೆಗೆ ದೂರು ಕೊಡಬಹುದು. ಇನ್ನು ಕಾಂಪೋಸಿಷನ್ ಪದ್ಧತಿಯ, ಅಂದರೆ ಒಟ್ಟು ವಹಿವಾಟಿನ ಮೇಲೆ ಸಣ್ಣ ತೆರಿಗೆಯನ್ನು ತಾವೇ ಕಟ್ಟುವ ಚಿಕ್ಕ ಅಂಗಡಿಯವರು ಗಿರಾಕಿಯಿಂದ ಪ್ರತ್ಯೇಕ ತೆರಿಗೆ ವಸೂಲು ಮಾಡುವಂತೆಯೇ ಇಲ್ಲ. ಹಾಗೆಂದು ತಮ್ಮ ಬಿಲ್ಲಿನ ಮೇಲೆ ತಾವೇ ಬರೆಯಬೇಕು. ಬಿಲ್ಲೇ ಕೊಡದಿದ್ದರೆ ಬರೆಯುವ ಕಷ್ಟವೂ ತಪ್ಪಿತು.

ಹಟ ಹಿಡಿದರೆ ಸಿಗುವುದು ‘ಎಸ್ಟಿಮೇಟ್’ ಎಂದು ತಲೆಬರಹವಿರುವ ಒಂದು ಚೀಟಿ. ಮಾಲು ಕೈಗೆ ಬಂದಿದೆ, ದುಡ್ಡು ಗಲ್ಲಾಕ್ಕೆ ಹೋಗಿದೆ, ಕಾಗದ ಮಾತ್ರ ಇನ್ನೂ ಅಂದಾಜಿನಲ್ಲಿದೆ. ಯುಪಿಐ ದಾಖಲೆ ಇದೆಯಲ್ಲ ಎನ್ನುತ್ತೀರಿ. ಅದು ಯಾರಿಗೆ ಎಷ್ಟು ಹೋಯಿತೆಂದು ಹೇಳುತ್ತದೆ, ಏತಕ್ಕೆ ಹೋಯಿತೆಂದು ಹೇಳುವುದಿಲ್ಲ. ದುಡ್ಡು ಹಾಕುವಾಗಲೇ ಟಿಪ್ಪಣಿಯ ಜಾಗದಲ್ಲಿ ‘ಮಿಕ್ಸಿ’ ಎಂದು ಮಾದರಿಯ ಹೆಸರಿನೊಂದಿಗೆ ಟೈಪ್ ಮಾಡಿ. ಮಾಲಿನ ಸೀರಿಯಲ್ ನಂಬರಿನ ಫೋಟೋವನ್ನು ಅವತ್ತೇ ಅಂಗಡಿಯ ವಾಟ್ಸ್ಆ್ಯಪ್‌ಗೆ ಕಳಿಸಿ. ಎಸ್ಟಿಮೇಟಿಗೆ ಸ್ವಲ್ಪ ಜೀವ ಬರುತ್ತದೆ.

ಅಂತೂ ನಿಜವಾದ ಬಿಲ್ ಸಿಕ್ಕಿತು ಅನ್ನೋಣ. ಅದು ಆ ನುಣ್ಣನೆ ಥರ್ಮಲ್ ಕಾಗದ. ಅದರಲ್ಲಿ ಶಾಯಿಯೇ ಇರುವುದಿಲ್ಲ. ಕಾಗದಕ್ಕೆ ಬಳಿದ ಲೇಪ ಪ್ರಿಂಟರಿನ ಬಿಸಿಗೆ ಕಪ್ಪಾಗಿ ಅಕ್ಷರ ಮೂಡುತ್ತದೆ. ಬಿಸಿಲು, ಬೆವರು, ಎಣ್ಣೆ ಕೈ, ಪ್ಲಾಸ್ಟಿಕ್ ಕವರ್, ಯಾವುದು ತಾಗಿದರೂ ಮಾಸುತ್ತದೆ. ಜೋಪಾನ ಮಾಡೋಣವೆಂದು ಲ್ಯಾಮಿನೇಷನ್ ಮಾಡಿಸಿದ ಪುಣ್ಯಾತ್ಮರ ಬಿಲ್ಲು ಆ ಯಂತ್ರದ ಬಿಸಿಗೆ ಅಮಾವಾಸ್ಯೆಯಾಗಿ ಹೊರಬರುತ್ತದೆ. ಹಾಸನಾಂಬೆಯ ಗರ್ಭಗುಡಿಯಲ್ಲಿ ಹಚ್ಚಿಟ್ಟ ದೀಪ ಮುಂದಿನ ವರ್ಷ ಬಾಗಿಲು ತೆಗೆಯುವವರೆಗೂ ಆರುವುದಿಲ್ಲವೆಂದು ನಂಬುವ ಊರು ನಮ್ಮದು. ಒಂದು ವರ್ಷ ವಾರಂಟಿಯ ಬಿಲ್ಲಿಗೆ ಅಷ್ಟು ಆಯಸ್ಸಿಲ್ಲ. ದೂರು ಕೊಡಲು ಕಾಯ್ದೆ ಎರಡು ವರ್ಷ ಕೊಟ್ಟಿದೆ. ಸಾಕ್ಷಿ ಅಷ್ಟರಲ್ಲಿ ಬಿಳಿ ಹಾಳೆ. ತಂದ ದಿನವೇ ಎರಡು ರೂಪಾಯಿ ಕೊಟ್ಟು ಜೆರಾಕ್ಸ್ ಮಾಡಿಸಿ. ಮೂಲವನ್ನು ವಾರಂಟಿ ಕಾರ್ಡಿನೊಳಗೆ ಮಡಚದೆ ಇಡಿ. ಅಂದಹಾಗೆ, ಆ ಕಾರ್ಡಿಗೆ ಅಂಗಡಿಯ ಸೀಲು, ತಾರೀಕು ಹಾಕಿಸಿಕೊಂಡಿದ್ದೀರಾ? ಇಲ್ಲವಾದರೆ ‘ಅದೆಲ್ಲ ಕಂಪನಿಯವರದ್ದು ಸಾರ್, ಸರ್ವೀಸ್ ಸೆಂಟರಿಗೆ ಹೋಗಿ’ ಎಂಬ ಐದನೇ ವಿಧಿಗೆ ಸಿದ್ಧರಾಗಿ.

ಅಂಗಡಿಯವರನ್ನಷ್ಟೇ ಬೈದರೆ ಅರ್ಧ ನ್ಯಾಯ. ಕೆಟ್ಟ ಮಾಲನ್ನು ಡಿಸ್ಟ್ರಿಬ್ಯೂಟರ್ ಅಂಗಡಿಯವರಿಂದ ವಾಪಸು ತೆಗೆದುಕೊಳ್ಳುವುದಿಲ್ಲ. ಮರುಮಾರಾಟಕ್ಕೆ ಕೊಂಡವರು ಕಾಯ್ದೆಯ ಲೆಕ್ಕದಲ್ಲಿ ಗ್ರಾಹಕರೇ ಅಲ್ಲ. ಸ್ವಂತ ದುಡಿಮೆಯ ಹೊಟ್ಟೆಪಾಡಿಗೆ ಹೊಲಿಗೆ ಯಂತ್ರ ಕೊಂಡ ದರ್ಜಿ ಗ್ರಾಹಕ. ಅದೇ ಯಂತ್ರವನ್ನು ಮಾರಲು ಕೊಂಡ ಅಂಗಡಿಯಣ್ಣ ಅಲ್ಲ. ಆ ಸಿಟ್ಟೇ ಬೋರ್ಡಾಗಿ ನಮ್ಮ ಮೇಲೆ ಬೀಳುತ್ತದೆ. ಆದರೆ ಕಂಪನಿಯ ಹೆಸರಿಲ್ಲದ ಚಾರ್ಜರ್, ವಿಳಾಸವಿಲ್ಲದ ಹೀಟರ್ ಮಾರುವವರು 86ನೇ ಕಲಮನ್ನೊಮ್ಮೆ ಓದಿಸಿಕೊಂಡರೆ ಒಳ್ಳೆಯದು. ತಯಾರಕ ಯಾರೆಂದೇ ತಿಳಿಯದಿದ್ದರೆ, ಆ ಮಾಲಿನಿಂದಾದ ಹಾನಿಗೆ ಮಾರಿದವನೇ ಹೊಣೆ.

ಇನ್ನು ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗ. ಹಾಳೆಯ ಮೇಲೆ ಇದಕ್ಕಿಂತ ಸೊಗಸಾದ ಏರ್ಪಾಡು ಸಿಗುವುದಿಲ್ಲ. ಕೊಟ್ಟ ಬೆಲೆ ಐದು ಲಕ್ಷದವರೆಗಿದ್ದರೆ ಶುಲ್ಕವೇ ಇಲ್ಲ. ವಕೀಲರು ಕಡ್ಡಾಯವಲ್ಲ. ನೀವು ವಾಸವಿರುವ ಊರಿನಲ್ಲೇ ದೂರು ಹೂಡಬಹುದು. ಹಾಗಾಗಿ ಆನ್‌ಲೈನಿನಲ್ಲಿ ತರಿಸಿದ ಮಾಲಿಗೆ ‘ವ್ಯಾಜ್ಯವೇನಿದ್ದರೂ ದೆಹಲಿಯಲ್ಲಿ’ ಎಂದು ಸಣ್ಣಕ್ಷರದಲ್ಲಿ ಬರೆದಿದ್ದರೂ ನೀವು ರೈಲು ಹತ್ತಬೇಕಿಲ್ಲ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಸಂಖ್ಯೆ ಪಡೆಯಿರಿ. ಅಂಗಡಿಗೂ ಕಂಪನಿಗೂ ಸ್ಪೀಡ್ ಪೋಸ್ಟಿನಲ್ಲಿ ಪತ್ರ ಹಾಕಿ 15 ದಿನ ಗಡುವು ಕೊಡಿ, ರಸೀತಿ ಇಟ್ಟುಕೊಳ್ಳಿ. ಆಮೇಲೆ ಆಯೋಗಕ್ಕೆ ದೂರು, ಪ್ರಮಾಣಪತ್ರ (ಅಫಿಡವಿಟ್), ಬಿಲ್ಲಿನ ಪ್ರತಿ. ಇಬ್ಬರನ್ನೂ ಎದುರುದಾರರನ್ನಾಗಿ ಮಾಡಿ, ಒಬ್ಬರನ್ನು ಬಿಟ್ಟರೆ ಇನ್ನೊಬ್ಬರು ಬಿಟ್ಟವರ ಕಡೆಗೇ ಬೆರಳು ತೋರಿಸುತ್ತಾರೆ. ಆಯೋಗದ ನೋಟಿಸ್ ತಲುಪಿದ 30 ದಿನದಲ್ಲಿ ಅವರು ಉತ್ತರ ಕೊಡಬೇಕು, ಹೆಚ್ಚೆಂದರೆ ಇನ್ನು 15 ದಿನ. ಅದಕ್ಕಿಂತ ಒಂದು ದಿನವೂ ಹೆಚ್ಚು ಕೊಡುವಂತಿಲ್ಲವೆಂದು, ಹಳೆಯ ಕಾಯ್ದೆಯಲ್ಲಿದ್ದ ಇದೇ ಗಡುವಿನ ಬಗ್ಗೆ, ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರ ಮಾರ್ಚಿನಲ್ಲಿ ಹೇಳಿದೆ.

ನಗು ನಿಲ್ಲುವುದು ಇದರ ಮುಂದಿನ ಸಾಲಿನಲ್ಲಿ. ನೋಟಿಸ್ ಮುಟ್ಟಿದ ಮೂರು ತಿಂಗಳೊಳಗೆ, ಮಾಲನ್ನು ಪ್ರಯೋಗಾಲಯಕ್ಕೆ ಕಳಿಸಬೇಕಿದ್ದರೆ ಐದು ತಿಂಗಳೊಳಗೆ ಇತ್ಯರ್ಥಕ್ಕೆ ಯತ್ನಿಸಬೇಕು ಎಂದು 38ನೇ ಕಲಂ ಬರೆದಿಟ್ಟಿದೆ. ‘ಯತ್ನಿಸಬೇಕು’ ಎಂಬಲ್ಲೇ ಎಲ್ಲ ಸೋರಿಹೋಗುತ್ತದೆ. ವಾಯಿದೆ, ಮತ್ತೆ ವಾಯಿದೆ. ಅರಕಲಗೂಡಿನಿಂದ ಕೂಲಿ ಬಿಟ್ಟು ಬಸ್ ಹತ್ತಿ ಬಂದ ಹೆಂಗಸಿಗೆ ಮಿಕ್ಸಿಯ ಬೆಲೆ ಓಡಾಟದಲ್ಲೇ ಮುಗಿಯುತ್ತದೆ. ವಿಡಿಯೊ ಮೂಲಕ ಹಾಜರಾಗಲು ಅರ್ಜಿ ಹಾಕಬಹುದೆಂದು ಅವಳಿಗೆ ಹೇಳುವವರು ಯಾರು? ಕಂಪನಿಗೆ ವಾಯಿದೆಯಿಂದ ನಷ್ಟವಿಲ್ಲ, ವಕೀಲರಿದ್ದಾರೆ. ಸುಸ್ತಾಗಿ ಅವಳು ಬರುವುದು ನಿಲ್ಲಿಸಿದರೆ ದೂರು ವಜಾ ಆಗಲೂಬಹುದು. ಇದನ್ನು ವಿಳಂಬ ಅನ್ನುವುದು ಸೌಜನ್ಯ, ಇದು ದೋಚುವುದರ ಎರಡನೇ ಕಂತು.

ಬಿಡದೆ ಹಿಡಿದವರಿಗೆ ಆದೇಶ ಸಿಗುತ್ತದೆ. ಎದುರು ಪಕ್ಷದವರು ರಾಜ್ಯ ಆಯೋಗಕ್ಕೆ ಮೇಲ್ಮನವಿ ಹೋಗಲು 45 ದಿನ, ಅದೂ ಆದೇಶದ ಅರ್ಧ ಹಣ ಮೊದಲು ಕಟ್ಟಿದರೆ ಮಾತ್ರ. ಆದೇಶ ಪಾಲಿಸದೆ ಕೂತರೆ 72ನೇ ಕಲಮಿನಲ್ಲಿ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಅಥವಾ 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ, ಅಥವಾ ಎರಡೂ. ವಕೀಲರು ಇದನ್ನು ಓದಿ ಹೇಳಿದ ಸಂಜೆ ಅಂಗಡಿಯವರ ಫೋನ್ ಬರುತ್ತದೆ. “ಏನ್ ಅಕ್ಕಾ ನೀವು, ಒಂದು ಮಿಕ್ಸಿಗೆ ಯಾರಾದ್ರೂ ಕೋರ್ಟಿಗೆ ಹೋಗ್ತಾರಾ? ಅಂಗಡಿಗೆ ಬಂದು ಒಂದು ಮಾತು ಹೇಳಿದ್ರೆ ಕೊಡ್ತಿರ್ಲಿಲ್ವಾ?”